ಆಟಗಾರನು ಗುರುವಾಗುವ ಬಗೆ

ಟೆನಿಸ್ ಆಟದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ವಿಜೇತರ ಹೆಸರುಗಳನ್ನೇ ಸೂತ್ರವಾಗಿ ಹಿಡಿದು ವರ್ಷದಿಂದ ವರ್ಷಕ್ಕೆ ಸಾಗುವುದರಿಂದ, ಆ ವಿಜೇತರ ಆಟವನ್ನು ತಿದ್ದಿ ತೀಡಿದವರ ಚರಿತ್ರೆಯೊಂದು ಅದರ ಅಡಿಯಲ್ಲಿಯೇ ಹರಿದುಬಂದಿದ್ದರೂ ಓದುಗರ ಗಮನಕ್ಕೆ ಬರುವುದು ವಿರಳ. ಹತ್ತು ಹದಿನೈದು ವರ್ಷ ಅಂಕಣದಲ್ಲಿ ಸೆಣಸಿ, ಮೊಣಕೈಯೋ ಬೆನ್ನೋ ಇನ್ನು ಸಾಕೆಂದ ಮೇಲೂ ರ್ಯಾಕೆಟ್ಟನ್ನು ಮೂಲೆಗಿಡದೆ, ತಮಗಿಂತ ಕಿರಿಯರೊಬ್ಬರ ಕೈಯಲ್ಲಿ ಆಟವು ಮುಂದುವರಿಯುವಂತೆ ನೋಡಿಕೊಳ್ಳುವುದನ್ನೇ ಎರಡನೆಯ ಜೀವಿತವೆಂದು ಸ್ವೀಕರಿಸಿದವರು ಹಲವರಿದ್ದಾರೆ. ಅವರ ವೃತ್ತಿಜೀವನಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಎದುರಾಗುವ ಪ್ರಶ್ನೆ ಹಳೆಯದು: ಚೆನ್ನಾಗಿ ಆಡಿದವನು ಚೆನ್ನಾಗಿ ಕಲಿಸಬಲ್ಲನೆ? ಹೌದೆನ್ನುವವರು ಮಹಾವಿಜೇತರ ಅನುಭವವನ್ನೂ, ಅಲ್ಲವೆನ್ನುವವರು ದೊಡ್ಡ ಪ್ರಶಸ್ತಿಯೊಂದನ್ನೂ ಮುಟ್ಟದೆ ದೊಡ್ಡ ಗುರುಗಳಾದವರನ್ನೂ ಸಾಕ್ಷಿಗೆ ಕರೆಯುತ್ತಾರೆ. ಎರಡು ಪಕ್ಷದ ಸಾಕ್ಷ್ಯವನ್ನೂ ತೂಗಿ ನೋಡಿದ ಮೇಲೆ ನನಗೆ ತೋರುವುದು ಬೇರೊಂದು ಮಾತು. ಆಟಗಾರನು ಹುಟ್ಟಿನಿಂದ ಪಡೆದ ಗುಣವನ್ನು ಯಾರಿಗೂ ಕೊಡಲಾರ. ಶ್ರಮಿಸಿ, ಯೋಚಿಸಿ, ಸೋಲುಗಳ ನಡುವೆ ಹಂತಹಂತವಾಗಿ ಸಂಪಾದಿಸಿಕೊಂಡದ್ದನ್ನು ಮಾತ್ರ ಕೊಡಬಲ್ಲ. ಆದುದರಿಂದ ಅವನು ಎಷ್ಟು ಗೆದ್ದನೆಂಬುದಕ್ಕಿಂತ, ಗೆದ್ದುದನ್ನು ಹೇಗೆ ಸಂಪಾದಿಸಿದನೆಂಬುದೇ ಇಲ್ಲಿ ವಿಚಾರಾರ್ಹವಾದದ್ದು.

ಈ ಪ್ರಶ್ನೆಯು ಟೆನಿಸ್ಸಿನಲ್ಲಿ ಇತರ ಆಟಗಳಿಗಿಂತ ತೀಕ್ಷ್ಣವಾಗಿರುವುದಕ್ಕೆ ಅದರ ಕಟ್ಟಳೆಯೊಂದು ಕಾರಣ. ಫುಟ್‌ಬಾಲಿನಲ್ಲಿ ಗೆರೆಯ ಆಚೆ ನಿಂತ ತರಬೇತುದಾರನು ಪಂದ್ಯವಿಡೀ ಕೂಗಿ ಹೇಳಬಹುದು. ಮುಷ್ಟಿಯುದ್ಧದಲ್ಲಿ ಸುತ್ತು ಮುಗಿದೊಡನೆ ಶಿಷ್ಯನು ಗುರುವಿನ ಮೂಲೆಗೇ ಬಂದು ಕೂರುತ್ತಾನೆ. ಟೆನಿಸ್ಸಿನ ವೈಯಕ್ತಿಕ ಪಂದ್ಯಗಳಲ್ಲಾದರೋ ಗುರುವು ಪ್ರೇಕ್ಷಕರ ನಡುವೆ ಮೌನವಾಗಿ ಕುಳಿತಿರಬೇಕು, ಕೈಸನ್ನೆ ಮಾಡಿದರೂ ಶಿಷ್ಯನೇ ದಂಡ ತೆರಬೇಕು ಎಂಬ ನಿಯಮವು ಬಹುಕಾಲ ನಡೆದುಬಂದಿತು. 2018ರ ಅಮೆರಿಕನ್ ಓಪನ್ ಫೈನಲ್ಲಿನಲ್ಲಿ ಸೆರೆನಾ ವಿಲಿಯಮ್ಸ್ ಅವರಿಗೂ ಅಂಪೈರಿಗೂ ನಡೆದ ಕಲಹವು ಆರಂಭವಾದದ್ದು ಇಂಥದೇ ಒಂದು ಎಚ್ಚರಿಕೆಯಿಂದ. ಈ ನಿರ್ಬಂಧಕ್ಕೆ ಪುರಾತನವಾದ ಅಪವಾದವೆಂದರೆ ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್. ಅಲ್ಲಿ ತಂಡದ ನಾಯಕನು ಅಂಕಣದೊಳಗೆ ಕುರ್ಚಿ ಹಾಕಿಕೊಂಡು ಕುಳಿತು, ಬದಿ ಬದಲಾಯಿಸುವಾಗಲೆಲ್ಲ ಆಟಗಾರನೊಡನೆ ಮಾತನಾಡಬಹುದು. ಹೀಗೆ ಟೆನಿಸ್ ಗುರುವಿಗೆ ಎರಡು ಪೀಠಗಳು ಸಿದ್ಧವಾದುವು: ಒಂದು ಮಾತನಾಡಬಲ್ಲ ನಾಯಕನ ಕುರ್ಚಿ, ಇನ್ನೊಂದು ಪಂದ್ಯಕ್ಕೆ ಮುಂಚೆಯೇ ಹೇಳಬೇಕಾದುದೆಲ್ಲವನ್ನೂ ಹೇಳಿ ಮುಗಿಸಬೇಕಾದ ಅಭ್ಯಾಸದ ಅಂಕಣ. ಮೊದಲನೆಯದರಲ್ಲಿ ಕುಳಿತು ಅದಕ್ಕೆ ಪ್ರತಿಷ್ಠೆಯನ್ನು ತಂದುಕೊಟ್ಟವರು ಆಸ್ಟ್ರೇಲಿಯದ ಹ್ಯಾರಿ ಹಾಪ್‌ಮನ್.

ಹಾಪ್‌ಮನ್ ಅವರು 1906ರಲ್ಲಿ ಸಿಡ್ನಿಯಲ್ಲಿ ಹುಟ್ಟಿದರು. ಆಟಗಾರರಾಗಿ ಅವರದು ಉತ್ತಮವಾದ, ಆದರೆ ಶಿಖರವನ್ನು ಮುಟ್ಟದ ಸಾಧನೆ. ಆಸ್ಟ್ರೇಲಿಯನ್ ಸಿಂಗಲ್ಸ್ ಪಂದ್ಯಾವಳಿಯ ಫೈನಲ್ಲನ್ನು 1930, 1931 ಮತ್ತು 1932ರಲ್ಲಿ ಎಡೆಬಿಡದೆ ತಲುಪಿ ಮೂರು ಸಲವೂ ಸೋತರು. ಜ್ಯಾಕ್ ಕ್ರಾಫರ್ಡರ ಜೊತೆಯಲ್ಲಿ ಡಬಲ್ಸನ್ನೂ, ಪತ್ನಿ ನೆಲ್ ಅವರ ಜೊತೆಯಲ್ಲಿ ಮಿಶ್ರ ಡಬಲ್ಸನ್ನೂ ಗೆದ್ದರು. 1938ರಲ್ಲಿ ಡೇವಿಸ್ ಕಪ್ ನಾಯಕತ್ವ ದೊರೆತ ಮರುವರ್ಷವೇ ಅವರ ನಿಜವಾದ ಪ್ರತಿಭೆ ಬೆಳಕಿಗೆ ಬಂದಿತು. 1939ರ ಸೆಪ್ಟೆಂಬರ್ ಮೊದಲ ವಾರ ಫಿಲಡೆಲ್ಫಿಯದ ಬಳಿಯ ಅಂಕಣದಲ್ಲಿ ಅಮೆರಿಕದ ಎದುರು ಮೊದಲ ದಿನದ ಎರಡು ಪಂದ್ಯಗಳನ್ನೂ ಕಳೆದುಕೊಂಡಿದ್ದ ತಂಡವು, ಯುರೋಪಿನಲ್ಲಿ ಯುದ್ಧ ಘೋಷಣೆಯಾದ ಸುದ್ದಿ ತಲುಪಿದ ಅದೇ ದಿನಗಳಲ್ಲಿ, ಉಳಿದ ಮೂರನ್ನೂ ಗೆದ್ದು ಕಪ್ಪನ್ನು ಕೊಂಡೊಯ್ದಿತು. ಯುದ್ಧಾನಂತರ 1950ರಿಂದ 1969ರವರೆಗೆ ಅವರು ಮತ್ತೆ ನಾಯಕರಾಗಿದ್ದರು. 1939 ಮತ್ತು 1967ರ ನಡುವೆ ಅವರ ನೇತೃತ್ವದಲ್ಲಿ ಬಂದ ಡೇವಿಸ್ ಕಪ್ ವಿಜಯಗಳು 16.

ಈ ವಿಜಯಗಳನ್ನು ಆಸ್ಟ್ರೇಲಿಯದ ಬಿಸಿಲಿಗೂ ಅಲ್ಲಿನ ಹುಲ್ಲಿನಂಕಣಗಳ ಸಮೃದ್ಧಿಗೂ ಆರೋಪಿಸಿ ಹಾಪ್‌ಮನ್ನರ ಪಾತ್ರವನ್ನು ಕಿರಿದು ಮಾಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅವರು ಬೆಳೆಸಿದ ಒಬ್ಬೊಬ್ಬ ಶ್ರೇಷ್ಠ ಆಟಗಾರನೂ ಪ್ರೌಢನಾದ ಹೊತ್ತಿಗೆ ಹಣದ ಆಟಕ್ಕೆ ಹೊರಟುಹೋಗುತ್ತಿದ್ದನು. ಹವ್ಯಾಸಿಗಳಿಗೆ ಮಾತ್ರ ಮೀಸಲಾಗಿದ್ದ ಡೇವಿಸ್ ಕಪ್ಪಿನಲ್ಲಿ ವೃತ್ತಿನಿರತರಿಗೆ ಪ್ರವೇಶವಿರಲಿಲ್ಲ. ಸೆಜ್‌ಮನ್ ಮತ್ತು ಮೆಕ್‌ಗ್ರೆಗರ್ ಹೀಗೆ ಹೋದ ವರ್ಷವೇ, ಅಂದರೆ 1953ರ ಕೊನೆಯಲ್ಲಿ, ಮೆಲ್ಬರ್ನಿನ ಕೂಯಾಂಗ್ ಅಂಕಣದಲ್ಲಿ ಅಮೆರಿಕದ ಎದುರಿಗೆ ನಿಲ್ಲಬೇಕಾದವರು 19 ವರ್ಷದ ಇಬ್ಬರು ಹುಡುಗರು, ಲ್ಯೂ ಹೋಡ್ ಮತ್ತು ಕೆನ್ ರೋಸ್‌ವಾಲ್. ಡಬಲ್ಸನ್ನು ಕಳೆದುಕೊಂಡು ತಂಡವು 1-2ರಿಂದ ಹಿಂದೆ ಬಿದ್ದಿತ್ತು. ಮಳೆಯಿಂದ ತೊಯ್ದ ಹುಲ್ಲಿನ ಮೇಲೆ ಟೋನಿ ಟ್ರಾಬರ್ಟ್ ಎದುರು ಆಡುತ್ತಿದ್ದ ಹೋಡ್ ಐದನೆಯ ಸೆಟ್ಟಿನಲ್ಲಿ ಜಾರಿ ಬಿದ್ದಾಗ, ಕುರ್ಚಿಯಲ್ಲಿದ್ದ ಹಾಪ್‌ಮನ್ ಅವರ ಮೇಲೊಂದು ಟವೆಲನ್ನು ಎಸೆದು ತಮಾಷೆಯ ಮಾತೊಂದನ್ನು ಹೇಳಿದರಂತೆ; ಬಿಗಿದಿದ್ದ ಹುಡುಗನ ಮನಸ್ಸು ಸಡಿಲಗೊಂಡಿತು, ಆ ಸೆಟ್ಟನ್ನು 7-5ರಿಂದ ಗೆದ್ದುದಾಯಿತು, ಮರುದಿನ ರೋಸ್‌ವಾಲರು ಅಮೆರಿಕದ ಸೇಷಸರನ್ನು ಸೋಲಿಸಿ ಕಪ್ಪನ್ನು ಉಳಿಸಿದರು. ತರುವಾಯ ಹೋಡ್ ಮತ್ತು ರೋಸ್‌ವಾಲರೂ ವೃತ್ತಿನಿರತರಾದರು, ಅವರ ಹಿಂದೆ ತಂಡದ ಇನ್ನೊಬ್ಬ ಆಟಗಾರ ಲೇವರ್ ಹೋದರು. ಪ್ರತಿ ಸಲವೂ ಹಾಪ್‌ಮನ್ ಬರಿದಾದ ಸ್ಥಾನಕ್ಕೆ ಹೊಸಬನನ್ನು ತಂದು ನಿಲ್ಲಿಸಿದರು. ಬಿಸಿಲು ಆಟಗಾರರನ್ನು ಬೆಳೆಸಬಹುದು, ಇಷ್ಟು ನಿಯತವಾಗಿ ಉತ್ತರಾಧಿಕಾರಿಗಳನ್ನು ಒದಗಿಸಲಾರದು.

ಅವರ ವಿಧಾನವು ಹೆಚ್ಚಾಗಿ ದೇಹಶಿಕ್ಷಣದ್ದು. ಓಟ, ವ್ಯಾಯಾಮ, ಒಬ್ಬ ಆಟಗಾರನ ಎದುರು ಬಲೆಯ ಆಚೆ ಇಬ್ಬರನ್ನು ನಿಲ್ಲಿಸಿ ಉಸಿರು ಕಟ್ಟುವವರೆಗೆ ಚೆಂಡನ್ನು ಅಟ್ಟಿಸುವ ಅಭ್ಯಾಸ, ನಡತೆಯಲ್ಲಿ ತಪ್ಪಿದವರಿಗೆ ಜುಲ್ಮಾನೆ. ಪತ್ರಿಕಾವೃತ್ತಿಯಲ್ಲಿಯೂ ಇದ್ದ ಅವರು ಹೊಡೆತಗಳ ಸೂಕ್ಷ್ಮವನ್ನು ಬೋಧಿಸುವುದಕ್ಕಿಂತ, ಆಯಾಸಗೊಂಡ ದೇಹದಲ್ಲಿ ಬುದ್ಧಿಯು ಸ್ಥಿರವಾಗಿರುವಂತೆ ಮಾಡುವುದರಲ್ಲಿ ಹೆಚ್ಚು ಶ್ರದ್ಧೆಯನ್ನಿಟ್ಟರು. ಸಹಜವಾದ ಸೌಷ್ಠವವಿಲ್ಲದೆ ದೇಹವನ್ನು ಹಟದಿಂದ ಸಜ್ಜುಗೊಳಿಸಿಕೊಂಡು ಮೂರು ಫೈನಲ್ಲುಗಳನ್ನು ತಲುಪಿದ್ದವರಿಗೆ ಕಲಿಸಲು ಸಾಧ್ಯವಾದದ್ದು ಇದೇ ಎಂದು ನಾನು ತಿಳಿಯುತ್ತೇನೆ. 1969ರ ಅನಂತರ ಅಮೆರಿಕಕ್ಕೆ ಹೋಗಿ ನೆಲೆಸಿ, ನ್ಯೂಯಾರ್ಕಿನ ಬಳಿಯ ಪೋರ್ಟ್ ವಾಷಿಂಗ್ಟನ್ ಅಕಾಡೆಮಿಯಲ್ಲಿ ಜಾನ್ ಮೆಕೆನ್ರೋ ಮೊದಲಾದ ಬಾಲಕರಿಗೆ ಪಾಠ ಹೇಳಿದ ಅವರು 1985ರಲ್ಲಿ ಫ್ಲಾರಿಡದಲ್ಲಿ ತೀರಿಕೊಂಡರು.

ಅವರ ಡೇವಿಸ್ ಕಪ್ ತಂಡದಲ್ಲಿ ಡಬಲ್ಸ್ ಆಡಲು ಬಂದ ಎಡಗೈಯ ಹುಡುಗರೊಬ್ಬರೇ ಈ ಲೇಖನದ ಮುಖ್ಯ ಪಾತ್ರ. ಟೋನಿ ರೋಚ್ ಅವರು 1945ರಲ್ಲಿ ನ್ಯೂ ಸೌತ್ ವೇಲ್ಸಿನ ಒಳನಾಡಿನ ವಾಗಾ ವಾಗಾದಲ್ಲಿ ಹುಟ್ಟಿ, ಸಿಡ್ನಿ ಮತ್ತು ಮೆಲ್ಬರ್ನುಗಳ ನಡುವಣ ಹೆದ್ದಾರಿಯ ಮೇಲಿನ ಟಾರ್ಕಟ್ಟ ಎಂಬ ಸಣ್ಣ ಊರಿನಲ್ಲಿ ಬೆಳೆದರು. ಭುಜಬಲದ ಸರ್ವ್, ಅದಕ್ಕಿಂತ ಮಿಗಿಲಾಗಿ ಬಲೆಯ ಬಳಿಯ ಬ್ಯಾಕ್‌ಹ್ಯಾಂಡ್ ವಾಲಿ, ಇವು ಅವರ ಕೀರ್ತಿಗೆ ಕಾರಣವಾದುವು. 1966ರಲ್ಲಿ ಪ್ಯಾರಿಸಿನ ಆವೆಮಣ್ಣಿನ ಅಂಕಣದಲ್ಲಿ ಫ್ರೆಂಚ್ ಪ್ರಶಸ್ತಿಯನ್ನು ಗೆದ್ದರು. ಆ ಫೈನಲ್ಲಿಗೆ ಮುನ್ನ ಅವರ ಕಣಕಾಲಿಗೆ ನೋವಾದಾಗ, ಎದುರಾಳಿಯಾದ ಹಂಗೆರಿಯ ಇಸ್ತ್ವಾನ್ ಗುಯಾಷ್ ಪಂದ್ಯವನ್ನು ಒಂದು ದಿನ ಮುಂದೂಡಲು ಒಪ್ಪಿ, ತಾವೇ ಸೋತರು. ಈ ಔದಾರ್ಯಕ್ಕಾಗಿ ಗುಯಾಷರಿಗೆ ಅನಂತರ ಕೂಬರ್ತಾನ್ ಹೆಸರಿನ ಸೌಜನ್ಯ ಪುರಸ್ಕಾರ ದೊರೆಯಿತು. ಟೆನಿಸ್ ಚರಿತ್ರೆಯಲ್ಲಿ ಇಂಥ ಉಪಾಖ್ಯಾನಗಳನ್ನು ಹೆಚ್ಚಾಗಿ ಸ್ಮರಿಸಬೇಕೆಂದು ನನ್ನ ಆಸೆ.

1966ರ ಆ ಫ್ರೆಂಚ್ ಪ್ರಶಸ್ತಿಯೇ ರೋಚರ ಏಕೈಕ ದೊಡ್ಡ ಸಿಂಗಲ್ಸ್ ಪ್ರಶಸ್ತಿಯಾಗಿ ಉಳಿದುಹೋಯಿತು. 1965 ಮತ್ತು 1967ರ ಪ್ಯಾರಿಸ್ ಫೈನಲ್ಲುಗಳಲ್ಲಿ ಸ್ಟೋಲ್ ಮತ್ತು ಎಮರ್ಸನ್‌ರಿಗೆ, 1968ರ ವಿಂಬಲ್ಡನ್ನಿನಲ್ಲಿಯೂ 1969ರ ಅಮೆರಿಕನ್ ಓಪನ್ನಿನಲ್ಲಿಯೂ ಲೇವರರಿಗೆ, 1970ರ ಅಮೆರಿಕನ್ ಓಪನ್ನಿನಲ್ಲಿ ರೋಸ್‌ವಾಲರಿಗೆ ಅವರು ಸೋತರು. ಜಾನ್ ನ್ಯೂಕಂಬ್ ಅವರ ಜೊತೆಗೆ ವಿಂಬಲ್ಡನ್ ಡಬಲ್ಸನ್ನು ಐದು ಸಲ ಗೆದ್ದುದು ಅವರ ಪ್ರತಿಭೆಗೆ ಸಾಕ್ಷಿ. ಆದರೆ ತಮ್ಮದೇ ನಾಡಿನ ಮಹಾಪುರುಷರ ನೆರಳಿನಲ್ಲಿ, ಅವರಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲುವ ವಿಧಿ ಅವರದಾಯಿತು. ಬಳಿಕ ಮೊಣಕೈ ಕೈಕೊಟ್ಟಿತು. ವೈದ್ಯರ ಚಿಕಿತ್ಸೆಗಳು ಫಲಿಸದೆ ಫಿಲಿಪೀನ್ಸಿನ ಜನಪದ ಚಿಕಿತ್ಸಕರೊಬ್ಬರ ಬಳಿಗೂ ಹೋದರು. 1975ರಲ್ಲಿ ಮತ್ತೆ ವಿಂಬಲ್ಡನ್ ಸೆಮಿಫೈನಲ್ಲಿಗೆ ಬಂದು, ಆ ವರ್ಷದ ವಿಜೇತ ಆರ್ಥರ್ ಆ್ಯಷರೊಡನೆ ಐದು ಸೆಟ್ಟುಗಳ ಹೋರಾಟ ನಡೆಸಿ ಸೋತರು. 1977ರ ಡೇವಿಸ್ ಕಪ್ ಫೈನಲ್ಲಿಗೆ ನಾಯಕ ನೀಲ್ ಫ್ರೇಸರರು 32 ವರ್ಷದ ರೋಚರನ್ನು ಸಿಂಗಲ್ಸಿಗೆ ಆರಿಸಿದಾಗ ಅನೇಕರು ಆಶ್ಚರ್ಯಪಟ್ಟಿರಬೇಕು. ಸಿಡ್ನಿಯ ಹುಲ್ಲಿನ ಮೇಲೆ ಅವರು ಇಟಲಿಯ ಪನಾಟ್ಟರನ್ನು ನೇರ ಸೆಟ್ಟುಗಳಲ್ಲಿ ಮಣಿಸಿದರು. ಅಷ್ಟರೊಳಗೆ, 1974ರಲ್ಲಿಯೇ, ಅಮೆರಿಕದ ಡೆನ್ವರ್ ತಂಡದಲ್ಲಿ ಆಡುತ್ತಲೇ ಕಲಿಸುವ ಹೊಣೆಯನ್ನೂ ಹೊತ್ತು, ಎರಡನೆಯ ವೃತ್ತಿಯ ಹೊಸ್ತಿಲನ್ನು ದಾಟಿಯಾಗಿತ್ತು.

1985ರಲ್ಲಿ ಇವಾನ್ ಲೆಂಡ್ಲ್ ಅವರು ರೋಚರನ್ನು ಕರೆದರು. ಚೆಕೊಸ್ಲೊವಾಕಿಯದ ಓಸ್ಟ್ರಾವದಲ್ಲಿ ಹುಟ್ಟಿದ ಲೆಂಡ್ಲರದು ಬೇಸ್‌ಲೈನಿನಲ್ಲಿ ನಿಂತು ಫೋರ್‌ಹ್ಯಾಂಡಿನಿಂದ ಎದುರಾಳಿಯನ್ನು ಹಿಂದಕ್ಕೆ ದೂಡುವ ಆಟ. ರೋಚರದು ಬಲೆಯ ಬಳಿಗೆ ಧಾವಿಸುವ ಆಟ. ಇಷ್ಟು ವಿರುದ್ಧ ಸ್ವಭಾವದ ಇಬ್ಬರು ಒಂದಾದುದೇ ಈ ಸಂಬಂಧದ ಸ್ವಾರಸ್ಯ. ಲೆಂಡ್ಲರು ಅಮೆರಿಕನ್ ಓಪನ್ ಫೈನಲ್ಲನ್ನು 1982, 1983, 1984ರಲ್ಲಿ ಸತತವಾಗಿ ಸೋತಿದ್ದರು. 1985ರಲ್ಲಿ ಮೆಕೆನ್ರೋರನ್ನು ಸೋಲಿಸಿ ಗೆದ್ದರು, ಮುಂದಿನ ಎರಡು ವರ್ಷವೂ ಗೆದ್ದರು. ಪ್ಯಾರಿಸಿನಲ್ಲಿ 1986 ಮತ್ತು 1987, ಮೆಲ್ಬರ್ನಿನಲ್ಲಿ 1989 ಮತ್ತು 1990ರ ಪ್ರಶಸ್ತಿಗಳೂ ಈ ಕಾಲದವೇ. ಆದರೂ ರೋಚರನ್ನು ಕರೆದುದರ ಹಿಂದಿದ್ದ ಮುಖ್ಯ ಬಯಕೆ ವಿಂಬಲ್ಡನ್. 1986ರಲ್ಲಿ ಬೆಕರರಿಗೂ 1987ರಲ್ಲಿ ಪ್ಯಾಟ್ ಕ್ಯಾಷರಿಗೂ ಫೈನಲ್ಲಿನಲ್ಲಿ ಸೋತ ಲೆಂಡ್ಲರು, 1990ರಲ್ಲಿ ತಾವು ಮೂರು ಸಲ ಗೆದ್ದಿದ್ದ ಫ್ರೆಂಚ್ ಪಂದ್ಯಾವಳಿಯನ್ನೇ ಬಿಟ್ಟು ಹುಲ್ಲಿನ ಮೇಲೆ ಅಭ್ಯಾಸ ಮಾಡಿದರು, ಲಂಡನ್ನಿನ ಕ್ವೀನ್ಸ್ ಪಂದ್ಯಾವಳಿಯನ್ನು ಗೆದ್ದರು, ವಿಂಬಲ್ಡನ್ ಸೆಮಿಫೈನಲ್ಲಿನಲ್ಲಿ ಎಡ್‌ಬರ್ಗರಿಗೆ ನೇರ ಸೆಟ್ಟುಗಳಲ್ಲಿ ಸೋತರು. ಆ ಪ್ರಶಸ್ತಿ ಅವರಿಗೆ ದಕ್ಕಲೇ ಇಲ್ಲ.

ಇದನ್ನು ಗುರುವಿನ ವೈಫಲ್ಯವೆಂದು ಎಣಿಸುವವರಿದ್ದಾರೆ, ನಾನು ಒಪ್ಪಲಾರೆ. ವಾಲಿಯ ಸಹಜಪ್ರವೃತ್ತಿಯು ಬಾಲ್ಯದಲ್ಲಿ ಮೈಗೂಡದವನಿಗೆ ಇಪ್ಪತ್ತೈದರ ಪ್ರಾಯದಲ್ಲಿ ಅದನ್ನು ಕಲಿಸಹೊರಡುವುದು ದುಸ್ಸಾಧ್ಯ. ಆದರೂ ಹುಲ್ಲಿನ ಮೇಲೆ ತಡವರಿಸುತ್ತಿದ್ದವರನ್ನು ಎರಡು ಫೈನಲ್ಲುಗಳಿಗೂ ಹಲವು ಸೆಮಿಫೈನಲ್ಲುಗಳಿಗೂ ಮುಟ್ಟಿಸಿದುದು ಸಾಮಾನ್ಯವಲ್ಲ. ಅದಕ್ಕಿಂತ ಮಿಗಿಲಾಗಿ, ರೋಚರು ಲೆಂಡ್ಲರನ್ನು ತಮ್ಮ ಪ್ರತಿಬಿಂಬವನ್ನಾಗಿ ಮಾಡಹೊರಡಲಿಲ್ಲ. ಬೇಸ್‌ಲೈನಿನ ಬಲವನ್ನು ಹಾಗೆಯೇ ಉಳಿಸಿ, ಅದರ ಪಕ್ಕದಲ್ಲಿ ಬಲೆಯ ಆಟವನ್ನು ಸೇರಿಸಿದರು. ತನಗೆ ಒಲಿದ ಶೈಲಿಯೇ ಆಟದ ಏಕೈಕ ಸತ್ಯವೆಂದು ನಂಬಿದ ಆಟಗಾರನು ಗುರುವಾಗಲು ತಕ್ಕವನಲ್ಲ. ಸ್ವಂತ ಆಟದ ಮೋಹವನ್ನು ಬಿಡುವುದೇ ಈ ವೃತ್ತಿಯ ಕಠಿನತಮ ಸಾಧನೆ. ರೋಚರ ಮುಂದಿನ ಶಿಷ್ಯರನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. 1997 ಮತ್ತು 1998ರಲ್ಲಿ ಅಮೆರಿಕನ್ ಓಪನ್ ಗೆದ್ದ ಪ್ಯಾಟ್ರಿಕ್ ರ್ಯಾಫ್ಟರ್ ರೋಚರಂತೆಯೇ ಬಲೆಯತ್ತ ಓಡುವವರು. 2005ರಿಂದ 2007ರ ಮೇವರೆಗೆ ಅವರ ಸಲಹೆ ಪಡೆದ ರೋಜರ್ ಫೆಡರರ್ ಯಾವ ಶೈಲಿಗೂ ಕಟ್ಟುಬೀಳದವರು. ಅನಂತರದ ಲೇಟನ್ ಹೆವಿಟ್ ಓಟ ಮತ್ತು ಛಲಗಳಿಂದಲೇ ಪಂದ್ಯ ಗೆಲ್ಲುವವರು. ನಾಲ್ವರೂ ನಾಲ್ಕು ಬಗೆ, ಕಲಿಸಿದವರು ಒಬ್ಬರೇ. ಇದರ ನಡುವೆ ಹಳೆಯ ಜೊತೆಗಾರ ನ್ಯೂಕಂಬರು ಡೇವಿಸ್ ಕಪ್ ನಾಯಕರಾದಾಗ ರೋಚರು ತಂಡದ ತರಬೇತುದಾರರಾಗಿ, 1999ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಕಪ್ಪನ್ನು ಗೆದ್ದುಕೊಂಡರು. ಹಾಪ್‌ಮನ್, ಫ್ರೇಸರ್, ನ್ಯೂಕಂಬ್ ಎಂದು ಆ ಕುರ್ಚಿಯು ಶಿಷ್ಯರಿಂದ ಶಿಷ್ಯರಿಗೆ ಬಂದುದನ್ನು ಗಮನಿಸಿದರೆ, ನಮ್ಮ ಸಂಗೀತದಲ್ಲಿ ಒಂದು ಮನೆತನದ ಪಾಠಾಂತರವು ಬಾಯಿಂದ ಬಾಯಿಗೆ ಸಾಗಿಬರುವ ಪದ್ಧತಿ ನೆನಪಾಗುತ್ತದೆ.

ಪರಂಪರೆಯ ಮುಂದಿನ ಕೊಂಡಿ ಲೆಂಡ್ಲರೇ. ಬೆನ್ನುನೋವಿನಿಂದ 1994ರಲ್ಲಿ ನಿವೃತ್ತರಾದ ಅವರು ಬಹಳ ವರ್ಷ ಟೆನಿಸ್ಸಿನಿಂದ ದೂರವೇ ಇದ್ದು, 2012ರ ಆರಂಭದಲ್ಲಿ ಸ್ಕಾಟ್ಲೆಂಡಿನ ಆ್ಯಂಡಿ ಮರ್ರೆ ಅವರಿಗೆ ಗುರುವಾಗಲು ಒಪ್ಪಿದರು. ಈ ಜೋಡಣೆಯಲ್ಲಿ ಒಂದು ವಿಚಿತ್ರ ಸಾಮ್ಯವಿದೆ. ಲೆಂಡ್ಲರು ತಮ್ಮ ಮೊದಲ ನಾಲ್ಕು ಗ್ರ್ಯಾನ್‌ಸ್ಲಾಮ್ ಫೈನಲ್ಲುಗಳನ್ನೂ ಸೋತು, ಐದನೆಯದಾದ 1984ರ ಪ್ಯಾರಿಸ್ ಫೈನಲ್ಲಿನಲ್ಲಿ ಎರಡು ಸೆಟ್ಟು ಹಿಂದಿದ್ದು ಮೆಕೆನ್ರೋರನ್ನು ಗೆದ್ದವರು. ಮರ್ರೆಯವರೂ ಮೊದಲ ನಾಲ್ಕನ್ನು ಸೋತರು. ನಾಲ್ಕನೆಯದು 2012ರ ವಿಂಬಲ್ಡನ್, ಫೆಡರರರ ಎದುರು ಸೋತು ಜನರ ಮುಂದೆ ಕಣ್ಣೀರಿಟ್ಟ ದಿನ. ನಾಲ್ಕು ವಾರಗಳ ಅನಂತರ ಅದೇ ಅಂಕಣದಲ್ಲಿ, ಅದೇ ಫೆಡರರರನ್ನು ಒಲಿಂಪಿಕ್ ಫೈನಲ್ಲಿನಲ್ಲಿ 6-2, 6-1, 6-4ರಿಂದ ಗೆದ್ದರು. ಸೆಪ್ಟೆಂಬರಿನಲ್ಲಿ ಸರ್ಬಿಯದ ಜೊಕೊವಿಚರನ್ನು ಐದು ಸೆಟ್ಟುಗಳಲ್ಲಿ ಸೋಲಿಸಿ ಅಮೆರಿಕನ್ ಓಪನ್ ಗೆದ್ದರು. ಅದು ಅವರ ಐದನೆಯ ಫೈನಲ್. 2013ರ ಜುಲೈಯಲ್ಲಿ ಜೊಕೊವಿಚರನ್ನೇ 6-4, 7-5, 6-4ರಿಂದ ಸೋಲಿಸಿ ವಿಂಬಲ್ಡನ್ ಗೆದ್ದಾಗ, 1936ರ ಫ್ರೆಡ್ ಪೆರಿಯವರ ಬಳಿಕ ಆ ಪ್ರಶಸ್ತಿ ಪಡೆದ ಮೊದಲ ಬ್ರಿಟಿಷ್ ಪುರುಷರಾದರು. ಮುಖದಲ್ಲಿ ಯಾವ ವಿಕಾರವನ್ನೂ ತೋರದೆ ಮೇಲೆ ಕುಳಿತಿದ್ದ ಲೆಂಡ್ಲರಿಗೆ, ತಾವು ಫ್ರೆಂಚ್ ಪಂದ್ಯಾವಳಿಯನ್ನೇ ತ್ಯಾಗಮಾಡಿಯೂ ಪಡೆಯಲಾಗದ್ದು ಶಿಷ್ಯನ ಕೈ ಸೇರಿತು. 2014ರಲ್ಲಿ ಇಬ್ಬರೂ ಬೇರೆಯಾದರು, 2016ರ ಬೇಸಗೆಯಲ್ಲಿ ಮತ್ತೆ ಕೂಡಿದರು. ಆ ವರ್ಷ ಎರಡನೆಯ ವಿಂಬಲ್ಡನ್, ಎರಡನೆಯ ಒಲಿಂಪಿಕ್ ಚಿನ್ನ, ವರ್ಷಾಂತ್ಯಕ್ಕೆ ಅಗ್ರಸ್ಥಾನ.

ಲೆಂಡ್ಲರು ಮರ್ರೆಯವರಿಗೆ ಕೊಟ್ಟುದು ಏನು? ಫೋರ್‌ಹ್ಯಾಂಡನ್ನು ಇನ್ನಷ್ಟು ಧೈರ್ಯದಿಂದ ಹೊಡೆಯುವ ಅಭ್ಯಾಸವೆಂದು ತಜ್ಞರು ಹೇಳುತ್ತಾರೆ, ಅದು ಸತ್ಯವೇ. ಆದರೆ ನಾಲ್ಕು ಸೋಲುಗಳ ಬಳಿಕ ಐದನೆಯ ಫೈನಲ್ಲಿನ ಹಿಂದಿನ ರಾತ್ರಿ ಮನಸ್ಸು ಹೇಗಿರುತ್ತದೆಂಬುದನ್ನು ಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯವರು. ಹದಿನೇಳಕ್ಕೇ ವಿಂಬಲ್ಡನ್ ಗೆದ್ದ ಬೆಕರರಲ್ಲಿ ಆ ಜ್ಞಾನವಿರುವುದು ಸಾಧ್ಯವಿರಲಿಲ್ಲ.

ಮಹಾವಿಜೇತರೆಲ್ಲರೂ ಗುರುಗಳಾಗಿ ಸೋತರೆಂದು ಇದರಿಂದ ತೀರ್ಮಾನಿಸಬಾರದು. ಬೆಕರರು 2014ರಿಂದ 2016ರವರೆಗೆ ಜೊಕೊವಿಚರ ಜೊತೆಯಲ್ಲಿದ್ದಾಗ ಆರು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳು ಬಂದುವು. ಆದರೆ 2006ರಿಂದಲೇ ಜೊಕೊವಿಚರ ಆಟವನ್ನು ರೂಪಿಸುತ್ತ ಬಂದಿದ್ದ ಮರಿಯನ್ ವೈದಾ ಆ ಕಾಲದಲ್ಲಿಯೂ ತಂಡದಲ್ಲಿಯೇ ಇದ್ದರು, ಮತ್ತು ಆಟಗಾರರಾಗಿ ವೈದಾರ ಅತ್ಯುನ್ನತ ಸ್ಥಾನ 34. ಫೆಡರರರಿಗೆ ಬಲೆಯತ್ತ ಧಾವಿಸುವ ಉತ್ಸಾಹವನ್ನು ಎಡ್‌ಬರ್ಗರು ಮರಳಿ ಕೊಟ್ಟರು. ಸ್ಪೇನಿನ ಹುವಾನ್ ಕಾರ್ಲೊಸ್ ಫೆರೆರೊ, 2003ರ ಫ್ರೆಂಚ್ ವಿಜೇತರು ಮತ್ತು ಒಮ್ಮೆ ಅಗ್ರಸ್ಥಾನದಲ್ಲಿದ್ದವರು, 2018ರಲ್ಲಿ ಹದಿನೈದರ ಬಾಲಕ ಕಾರ್ಲೊಸ್ ಅಲ್ಕರಾಜರನ್ನು ಕೈಹಿಡಿದು ಜಗತ್ತಿನ ಮುಂಚೂಣಿಗೆ ತಂದರು. ಇನ್ನೊಂದು ಕಡೆ, ಎಂಟು ದೊಡ್ಡ ಪ್ರಶಸ್ತಿಗಳ ಜಿಮ್ಮಿ ಕಾನರ್ಸ್ 2013ರಲ್ಲಿ ಮರಿಯಾ ಶರಪೋವಾರ ಗುರುವಾಗಿ ಉಳಿದದ್ದು ಒಂದೇ ಒಂದು ಪಂದ್ಯ.

ಮಧ್ಯಮ ಶ್ರೇಣಿಯವರಲ್ಲಿ ಅತ್ಯಂತ ಬೋಧಪ್ರದವಾದ ಉದಾಹರಣೆ ಅಮೆರಿಕದ ಬ್ರ್ಯಾಡ್ ಗಿಲ್ಬರ್ಟ್. ಗ್ರ್ಯಾನ್‌ಸ್ಲಾಮ್ ಫೈನಲ್ಲನ್ನು ಒಮ್ಮೆಯೂ ಕಾಣದ ಅವರು 20 ಪ್ರಶಸ್ತಿಗಳನ್ನು ಗೆದ್ದು ನಾಲ್ಕನೆಯ ಸ್ಥಾನದವರೆಗೆ ಏರಿದ್ದು ಹೊಡೆತಗಳ ಸೊಬಗಿನಿಂದಲ್ಲ. ಎದುರಾಳಿಗೆ ಇಷ್ಟವಿಲ್ಲದ ಚೆಂಡನ್ನೇ ಮತ್ತೆ ಮತ್ತೆ ಕಳಿಸುವ ಬುದ್ಧಿಯಿಂದ. ಆಂದ್ರೆ ಅಗಾಸಿಯವರಿಗೆ ಹುಟ್ಟಿನಿಂದಲೇ ಕೈಯಲ್ಲಿದ್ದ ಪ್ರತಿಭೆಗೆ ಕೊರತೆಯಾಗಿದ್ದುದು ಈ ಬುದ್ಧಿಯೇ. 1994ರಲ್ಲಿ ಗಿಲ್ಬರ್ಟರು ಬಂದ ಬಳಿಕ, ಆ ವರ್ಷವೇ ಶ್ರೇಯಾಂಕವಿಲ್ಲದ ಅಗಾಸಿಯವರು ಅಮೆರಿಕನ್ ಓಪನ್ ಗೆದ್ದರು; 1997ರಲ್ಲಿ 141ನೆಯ ಸ್ಥಾನಕ್ಕೆ ಕುಸಿದು, ಅದೇ ಗುರುವಿನೊಡನೆ 1999ರಲ್ಲಿ ಅಗ್ರಸ್ಥಾನಕ್ಕೆ ಮರಳಿದರು. ಅವರ ಎಂಟು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳಲ್ಲಿ ಆರು ಗಿಲ್ಬರ್ಟರ ಕಾಲದವು. ಗಿಲ್ಬರ್ಟರ ಸ್ಥಾನಕ್ಕೆ ಬಂದ ಡ್ಯಾರೆನ್ ಕೇಹಿಲ್ ಅವರೂ ಇಂಥವರೇ: ಮೊಣಕಾಲಿನ ನೋವಿನಿಂದ ಬೇಗನೆ ಆಟ ಬಿಟ್ಟವರು, ಅತ್ಯುನ್ನತ ಸ್ಥಾನ 22, ಹೆವಿಟ್, ಅಗಾಸಿ, ಸಿಮೋನಾ ಹಾಲೆಪ್, ಯಾನಿಕ್ ಸಿನ್ನರ್ ಎಂದು ಅವರ ಶಿಷ್ಯರ ಸಾಲು ಬೆಳೆಯುತ್ತದೆ.

ಕ್ರೊಯೇಷಿಯದ ಸ್ಪ್ಲಿಟ್ ನಗರದಲ್ಲಿ ಹುಟ್ಟಿದ ನಿಕಿ ಪಿಲಿಚ್ ಅವರನ್ನು ಚರಿತ್ರಕಾರರು ಬೇರೊಂದು ಕಾರಣಕ್ಕಾಗಿ ಸ್ಮರಿಸುತ್ತಾರೆ. 1973ರಲ್ಲಿ ಅವರ ಮೇಲಿನ ನಿಷೇಧವನ್ನು ಪ್ರತಿಭಟಿಸಿ ಎಪ್ಪತ್ತಕ್ಕೂ ಹೆಚ್ಚು ಆಟಗಾರರು ವಿಂಬಲ್ಡನ್ನನ್ನು ಬಹಿಷ್ಕರಿಸಿದರು. ಗುರುವಾಗಿ ಅವರು ಮಾಡಿದುದು ಅದಕ್ಕಿಂತ ದೊಡ್ಡದು. ಜರ್ಮನಿಯ ನಾಯಕರಾಗಿ 1988, 1989 ಮತ್ತು 1993ರಲ್ಲಿ, ಕ್ರೊಯೇಷಿಯದ ನಾಯಕರಾಗಿ 2005ರಲ್ಲಿ ಡೇವಿಸ್ ಕಪ್ ಗೆದ್ದರು; 2010ರಲ್ಲಿ ಸರ್ಬಿಯ ಗೆದ್ದಾಗ ಅದರ ಸಲಹೆಗಾರರಾಗಿದ್ದರು. ಮ್ಯೂನಿಕ್ ಬಳಿಯ ಅವರ ಅಕಾಡೆಮಿಗೆ ಯುದ್ಧದಿಂದ ಜರ್ಜರಿತವಾದ ಬೆಲ್‌ಗ್ರೇಡಿನಿಂದ ಬಂದ ಹನ್ನೆರಡರ ಬಾಲಕನೇ ಜೊಕೊವಿಚ್. ಯುಗೊಸ್ಲಾವಿಯ ಒಡೆದು ಸೆರ್ಬರೂ ಕ್ರೊಯೇಷಿಯನ್ನರೂ ರಕ್ತ ಹರಿಸಿದ ದಶಕದ ಕೊನೆಯಲ್ಲಿ, ಕ್ರೊಯೇಷಿಯನ್ ಗುರುವೊಬ್ಬರು ಸೆರ್ಬ್ ಬಾಲಕನಿಗೆ ಮನೆಯನ್ನೂ ಆಟವನ್ನೂ ಕೊಟ್ಟುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಮಹಿಳೆಯರ ಆಟದಲ್ಲಿ ಇನ್ನೊಂದು ಪರಂಪರೆಯೇ ಇದೆ, ಮತ್ತು ಅದಕ್ಕೆ ಸಲ್ಲಬೇಕಾದ ಪ್ರಸಿದ್ಧಿ ಸಂದಿಲ್ಲ. ಕ್ಯಾಲಿಫೋರ್ನಿಯದ ಎಲಿನರ್ ಟೆನಂಟ್ ಸ್ವತಃ ಆಟಗಾರ್ತಿ. 1934ರಲ್ಲಿ ಫ್ರಾನ್ಸಿನ ಅಂಕಣದಲ್ಲಿ ಕುಸಿದುಬಿದ್ದು ಕ್ಷಯರೋಗಿಯೆನಿಸಿಕೊಂಡಿದ್ದ ಆ್ಯಲಿಸ್ ಮಾರ್ಬಲ್ ಅವರನ್ನು ಜೊತೆಯಲ್ಲಿ ನಿಂತು ಮತ್ತೆ ಆಟಕ್ಕೆ ತಂದು, 1936ರಲ್ಲಿ ಅಮೆರಿಕನ್ ಚಾಂಪಿಯನ್ ಆಗುವಂತೆ ಮಾಡಿದರು. ಮಾರ್ಬಲರು 1959ರ ಸುಮಾರಿಗೆ ಒಬ್ಬ ಹುಡುಗಿಗೆ ಪಾಠ ಹೇಳಿದರು. ಅವಳೇ ಬಿಲ್ಲಿ ಜೀನ್ ಕಿಂಗ್. ಕಿಂಗರು ಮಾರ್ಟಿನಾ ನವ್ರಾಟಿಲೋವಾರಿಗೆ ಗುರುವಾಗಿ 1990ರ ಒಂಬತ್ತನೆಯ ವಿಂಬಲ್ಡನ್ನಿಗೆ ನೆರವಾದರು. ಈ ಧಾರೆಯೂ ಹಾಪ್‌ಮನ್ನರ ಧಾರೆಯೂ ಒಮ್ಮೆ ಸಂಧಿಸಿದುವು. ಟೆನಂಟರನ್ನು ತೊರೆದ ಮಾರೀನ್ ಕಾನಲಿ ಎಂಬ ತರುಣಿಗೆ ಹಾಪ್‌ಮನ್ ಮಾರ್ಗದರ್ಶನ ಕೊಟ್ಟರು, ನೆಲ್ ಹಾಪ್‌ಮನ್ ಅವರು ಪ್ರವಾಸದಲ್ಲಿ ಜೊತೆಗಿದ್ದರು. 1953ರಲ್ಲಿ ಕಾನಲಿ ನಾಲ್ಕು ಮಹಾಪಂದ್ಯಾವಳಿಗಳನ್ನೂ ಒಂದೇ ವರ್ಷದಲ್ಲಿ ಗೆದ್ದ ಮೊದಲ ಮಹಿಳೆಯಾದರು. ಮರುವರ್ಷ ಪ್ಯಾರಿಸಿನಲ್ಲಿ ಕಾನಲಿ ಡಬಲ್ಸ್ ಗೆದ್ದುದು ನೆಲ್ ಅವರ ಜೊತೆಗೂಡಿಯೇ.

ವೃತ್ತಿಪರ ಆಟವನ್ನೇ ಆಡದೆ ಗುರುಗಳಾದವರೂ ಇದ್ದಾರೆ. ಫ್ಲಾರಿಡದ ನಿಕ್ ಬೊಲೆಟಿಯೇರಿ, ಮಯೋರ್ಕದ ಟೋನಿ ನಡಾಲ್, ಹೆಣ್ಣುಮಕ್ಕಳಿಗೆ ತಾವೇ ಕಲಿಸಿದ ರಿಚರ್ಡ್ ವಿಲಿಯಮ್ಸ್ ಇವರನ್ನು ಮುಂದಿಟ್ಟರೆ ಆಟಗಾರನ ಅನುಭವವು ಅನಿವಾರ್ಯವೆಂಬ ವಾದ ನಿಲ್ಲುವುದಿಲ್ಲ. ಆದರೆ ಇವರೆಲ್ಲರ ಸಾಮರ್ಥ್ಯ ಬಾಲ್ಯದಿಂದ ಆಟವನ್ನು ಕಟ್ಟಿಬೆಳೆಸುವುದರಲ್ಲಿ. ಆಗಲೇ ರೂಪುಗೊಂಡ ಆಟಗಾರನನ್ನು ಕೊನೆಯ ಹೆಜ್ಜೆಗೆ ಏರಿಸುವಲ್ಲಿ, ಆ ಹೆಜ್ಜೆಯಲ್ಲಿ ತಾನೇ ಎಡವಿದವನ ಜ್ಞಾನಕ್ಕೆ ಬದಲು ಸಿಗುವುದು ಅಪೂರ್ವ.

ಭಾರತದ ಮಟ್ಟಿಗೆ ಈ ಪ್ರಶ್ನೆಯು ದುಃಖದ ಪ್ರಶ್ನೆಯೂ ಹೌದು. 1966ರಲ್ಲಿ ನಮ್ಮ ತಂಡವು ಮೊದಲ ಬಾರಿಗೆ ಡೇವಿಸ್ ಕಪ್ಪಿನ ಅಂತಿಮ ಹಂತವಾದ ಚಾಲೆಂಜ್ ರೌಂಡಿಗೆ ಏರಿ ಮೆಲ್ಬರ್ನಿನಲ್ಲಿ ಹಾಪ್‌ಮನ್ನರ ತಂಡವನ್ನೇ ಎದುರಿಸಿತು. ಆಸ್ಟ್ರೇಲಿಯ 4-1ರಿಂದ ಗೆದ್ದಿತಾದರೂ, ನಮ್ಮ ಆ ಒಂದು ಜಯವು ರಾಮನಾಥನ್ ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿಯವರು ನ್ಯೂಕಂಬ್-ರೋಚರನ್ನೇ ಡಬಲ್ಸಿನಲ್ಲಿ ಮಣಿಸಿ ಪಡೆದದ್ದು. ಅಂಕಣದ ಎರಡು ಬದಿಗಳಲ್ಲಿ ಆ ದಿನ ನಿಂತವರ ಮುಂದಿನ ಹಾದಿಗಳು ಭಿನ್ನವಾದುವು: ಆಸ್ಟ್ರೇಲಿಯದ ಆಟಗಾರರಿಗೆ ನಾಯಕನ ಕುರ್ಚಿಯೂ ರಾಷ್ಟ್ರೀಯ ತಂಡದ ತರಬೇತಿಯೂ ಕ್ರಮವಾಗಿ ದೊರೆತುವು, ನಮ್ಮಲ್ಲಿ ವಿದ್ಯೆಯು ಹೆಚ್ಚಾಗಿ ಮನೆಯೊಳಗೇ ಉಳಿಯಿತು. ಕೃಷ್ಣನ್ ಅವರಿಗೆ ತಂದೆ ಟಿ. ಕೆ. ರಾಮನಾಥನ್ ಗುರು, ಕೃಷ್ಣನ್ 1954ರಲ್ಲಿ ಗೆದ್ದ ಕಿರಿಯರ ವಿಂಬಲ್ಡನ್ನನ್ನು ಮಗ ರಮೇಶ್ 1979ರಲ್ಲಿ ಗೆದ್ದರು. ಅಭಿಮಾನಪಡತಕ್ಕ ವಂಶ, ಆದರೆ ಒಂದು ದೇಶದ ಟೆನಿಸ್ಸು ಒಂದೆರಡು ಮನೆಗಳ ವಾತ್ಸಲ್ಯವನ್ನೇ ನೆಚ್ಚಿ ಬಾಳುವಂತಾಗಬಾರದು.

ಇದಕ್ಕೆ ಪರಿಹಾರದ ದಾರಿ ನಮ್ಮ ಕೊಡಗಿನ ಆಟಗಾರರೊಬ್ಬರ ಚರಿತ್ರೆಯಲ್ಲಿ ಕಾಣುತ್ತದೆ. ಕಾಫಿ ಬೆಳೆಗಾರರ ಮಗನಾದ ರೋಹನ್ ಬೋಪಣ್ಣ ಹನ್ನೊಂದನೆಯ ವಯಸ್ಸಿನಲ್ಲಿ ಆಟ ಆರಂಭಿಸಿ, ಹೆಚ್ಚಿನ ತರಬೇತಿಗಾಗಿ ಪುಣೆಗೆ, ಹಿಂದೆ ಡೇವಿಸ್ ಕಪ್ ಆಡಿದ್ದ ನಂದನ್ ಬಾಳ್ ಅವರ ಅಕಾಡೆಮಿಗೆ ಹೋದರು. ನಲವತ್ತಮೂರರ ಪ್ರಾಯದಲ್ಲಿ, 2024ರ ಜನವರಿಯಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆಯಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸಿನಲ್ಲಿ ಅಗ್ರಸ್ಥಾನಕ್ಕೇರಿದ ಅತ್ಯಂತ ಹಿರಿಯ ಆಟಗಾರರಾದರು. ಮೊಣಕಾಲುಗಳು ಸವೆದ ಮೇಲೂ ದೇಹವನ್ನು ಸಂಬಾಳಿಸಿಕೊಂಡು ಆಡುವ ಕಲೆಯನ್ನು ಅವರು ಸಂಪಾದಿಸಿದ್ದು ವರ್ಷಗಳ ಯೋಚನೆಯಿಂದ. ಅವರ ಹೆಸರಿನ ಅಕಾಡೆಮಿಯು ಈಗ ಬೆಂಗಳೂರಿನಲ್ಲಿದೆ. ಮಕ್ಕಳನ್ನು ಹದಿನಾರಕ್ಕೇ ದಣಿಸಿಬಿಡುವ ನಮ್ಮ ತರಬೇತಿಯ ರೀತಿಗೆ ಅವರಿಂದ ಬರಬಹುದಾದ ತಿದ್ದುಪಡಿಯನ್ನು ನಾನು ಆಸೆಯಿಂದ ಎದುರುನೋಡುತ್ತೇನೆ.

ಕೊನೆಗೆ, ಮೌನದ ಕಟ್ಟಳೆಯೇ ಬದಲಾಗಿದೆ. 2022ರಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಅನುಮತಿಯು 2025ರ ಜನವರಿ 1ರಿಂದ ಆಟದ ನಿಯಮಗಳಲ್ಲಿಯೇ ಸೇರಿ, ಗುರುವು ಹೊರಗಿನಿಂದ ಸಲಹೆ ಹೇಳುವುದು ಸಾಧ್ಯವಾಯಿತು. ಆ ತಿಂಗಳ ಮೆಲ್ಬರ್ನ್ ಪಂದ್ಯಾವಳಿಯಲ್ಲಿ ಗುರುಗಳಿಗಾಗಿ ಅಂಕಣದ ಅಂಚಿನಲ್ಲಿಯೇ ಆಸನಗಳನ್ನು ಇರಿಸಲಾಗಿತ್ತು. ಜೊಕೊವಿಚರ ಬದಿಯಲ್ಲಿ ಅಲ್ಲಿ ಕುಳಿತಿದ್ದವರು ಮರ್ರೆ; ಪ್ಯಾರಿಸ್ ಒಲಿಂಪಿಕ್ಸಿನ ಬಳಿಕ ಆಟ ಬಿಟ್ಟು ಕೆಲವೇ ತಿಂಗಳಾಗಿದ್ದ ಅವರು ತಮ್ಮ ಹಳೆಯ ಎದುರಾಳಿಗೇ ಗುರುವಾಗಿದ್ದರು. ಜೊಕೊವಿಚರು ಕ್ವಾರ್ಟರ್‌ಫೈನಲ್ಲಿನಲ್ಲಿ ಅಲ್ಕರಾಜರನ್ನು ಗೆದ್ದು, ಸೆಮಿಫೈನಲ್ಲಿನಲ್ಲಿ ಗಾಯದಿಂದ ಹಿಂದೆ ಸರಿದರು. ಮೇ ತಿಂಗಳಲ್ಲಿ ಇಬ್ಬರೂ ಬೇರೆಯಾದರು, ಆ ಅವಧಿಯಲ್ಲಿ ಪ್ರಶಸ್ತಿಯೊಂದೂ ಬರಲಿಲ್ಲ. ಇಪ್ಪತ್ತನಾಲ್ಕು ಗ್ರ್ಯಾನ್‌ಸ್ಲಾಮ್ ಗೆದ್ದವರಿಗೆ ಮೂರು ಗೆದ್ದವರು ಹೇಳಬಲ್ಲ ಪಾಠ ಉಳಿದಿತ್ತೇ ಎಂದು ಕೇಳಿದವರುಂಟು. ಇದರಿಂದ ಮರ್ರೆಯವರ ಯೋಗ್ಯತೆಯನ್ನು ನಿರ್ಣಯಿಸುವುದು ಅವಸರವಾಗುತ್ತದೆಂದು ನನ್ನ ಅಭಿಪ್ರಾಯ. ಅವರಲ್ಲಿರುವುದು ಕೃತಕ ಸೊಂಟದೊಡನೆ ಆಟಕ್ಕೆ ಮರಳಿದವರ ಸಹನೆ, ನಾಲ್ಕು ಸೋಲುಗಳನ್ನು ದಾಟಿ ಬಂದವರ ತಿಳಿವು. ಇವೆರಡೂ ಬೇಕಾಗಿರುವುದು ಶಿಖರದಲ್ಲಿ ನಿಂತವರಿಗಲ್ಲ, ಎರಡೋ ಮೂರೋ ಫೈನಲ್ಲುಗಳನ್ನು ಸೋತು ಮುಂದಿನದಕ್ಕೆ ಹೆದರುತ್ತಿರುವ ಇಪ್ಪತ್ತನಾಲ್ಕರ ತರುಣರಿಗೆ. ಅಂಥವರೊಬ್ಬರು ಮರ್ರೆಯವರನ್ನು ಕರೆಯಬೇಕು.